ಗೋಡೆ ಬದಿಯ ನೆರಳಿಗೆ ಒಗ್ಗುವ ಗಿಡಗಳು



ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಇಲ್ಲಿನ ಮನೆಗಳ ನೆರಳು ವರ್ಷವಿಡೀ ಒಂದೇ ಕಡೆ ಬೀಳುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ; ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯ ಹೊತ್ತಿಗೆ 30 ಅಡಿ ಎತ್ತರದ ಮನೆಯ ನಡುಹಗಲ ನೆರಳು ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. ಅದೇ ಉತ್ತರ ಬದಿಯ ಪಾತಿಗೆ ಮೇ ತಿಂಗಳಲ್ಲಿ ನೆತ್ತಿಯ ಬಿಸಿಲು ನೇರ ಬಡಿಯುತ್ತದೆ. ಜನವರಿಯಲ್ಲಿ ಪೂರ್ತಿ ನೆರಳೆಂದು ನಂಬಿ ನೆಟ್ಟ ಜರಿಗಿಡ ಬೇಸಿಗೆಗೆ ಸುಟ್ಟುಹೋಗುವುದು ಇದರಿಂದಲೇ. ಪೂರ್ವದ ಗೋಡೆಯ ಪಕ್ಕ ಎಳೆಬಿಸಿಲು ಬಿದ್ದು ಆಮೇಲೆ ನೆರಳಾಗುತ್ತದೆ. ಸೂಕ್ಷ್ಮ ಗಿಡಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಶ್ಚಿಮದ ಗೋಡೆ ಬೆಳಿಗ್ಗೆ ತಂಪಾಗಿ ಕಂಡರೂ ಮಧ್ಯಾಹ್ನ ಕಾದು ರಾತ್ರಿಯವರೆಗೂ ಕಾವು ಬಿಡುತ್ತದೆ. ಅದನ್ನು ನೆರಳಿನ ಲೆಕ್ಕಕ್ಕೆ ಸೇರಿಸಬಾರದು.

ಬೆಳಕಿನಷ್ಟೇ ಮುಖ್ಯವಾದದ್ದು, ಆದರೆ ಹೆಚ್ಚಿನವರು ಗಮನಿಸದೇ ಬಿಡುವುದು, ನೀರು. ಸಜ್ಜೆಯ ಕೆಳಗೆ ಮಳೆ ಬೀಳುವುದಿಲ್ಲ. ಅಂಗಳವೆಲ್ಲ ತೊಯ್ದ ದಿನವೂ ಗೋಡೆಗಂಟಿದ ಮಣ್ಣು ಪುಡಿಪುಡಿಯಾಗಿಯೇ ಇರುತ್ತದೆ. ಸಜ್ಜೆಯ ಅಂಚಿನಿಂದ ನೀರು ಸುರಿಯುವ ಗೆರೆಯಲ್ಲಿ ಮಾತ್ರ ಮಣ್ಣು ಕೊಚ್ಚಿಹೋಗಿ ಸಸಿಗಳ ಬುಡ ಕಾಣುತ್ತದೆ. ಅಲ್ಲಿ ಜಲ್ಲಿ ಹರಡುವುದು ಲೇಸು. ಆದ್ದರಿಂದ ಗಿಡ ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಇದು: ಈ ನೆರಳು ಒಣ ನೆರಳೋ, ಹಸಿ ನೆರಳೋ?

ಕಟ್ಟಡದ ಪಕ್ಕದ ಮಣ್ಣೂ ಸಾಮಾನ್ಯ ಮಣ್ಣಲ್ಲ. ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಸೇರಿ ಅದು ಕ್ಷಾರವಾಗಿರುತ್ತದೆ. ಅಂಥ ಮಣ್ಣಿನಲ್ಲಿ ಬೇರು ಕಬ್ಬಿಣದ ಅಂಶವನ್ನು ಹೀರಲಾರದು. ಎಳೆಯ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಮೇಲಿಂದ ಗೊಬ್ಬರ ಸುರಿದರೆ ಇದು ಸರಿಹೋಗದು. ಒಂದೂವರೆ ಅಡಿ ಅಗೆದು ಕಸ ತೆಗೆದು, ಕೆಮ್ಮಣ್ಣಿಗೆ ಎಲೆಗೊಬ್ಬರವನ್ನೋ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಬೆರೆಸಿ ತುಂಬಬೇಕು. ಪಾತಿಯ ಮಣ್ಣು ಪ್ಲಿಂತ್ ಮಟ್ಟ ಮುಟ್ಟಬಾರದು. ಮುಟ್ಟಿದರೆ ತೇವ ಗೋಡೆಯೊಳಗೆ ಏರುತ್ತದೆ.

ಒಣ ನೆರಳಿಗೆ ಸ್ನೇಕ್ ಪ್ಲಾಂಟ್, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಸಾಕು. ತುಸು ಬೆಳಕಿದ್ದರೆ ದೊಡ್ಡಪತ್ರೆಯೂ ಹಬ್ಬುತ್ತದೆ. ಹಸಿ ನೆರಳಿನಲ್ಲಿ, ಅಂದರೆ ನಲ್ಲಿಯ ಬುಡದಲ್ಲಿ ಅಥವಾ ಎಸಿ ನೀರು ತೊಟ್ಟಿಕ್ಕುವ ಮೂಲೆಯಲ್ಲಿ, ಆಯ್ಕೆ ದೊಡ್ಡದು, ಉಪಯೋಗವೂ ಹೆಚ್ಚು. ಒಂದೆಲಗ ನೆಲ ಮುಚ್ಚಿಕೊಂಡು ತಂಬುಳಿಗೆ ಒದಗುತ್ತದೆ, ಕೆಸು ಪತ್ರೊಡೆಗೆ. ಮಲೆನಾಡಿನವರು ಅಡಿಕೆಯ ನೆರಳಲ್ಲಿ ವೀಳ್ಯ, ಕಾಳುಮೆಣಸು, ಏಲಕ್ಕಿ ಬೆಳೆಯುತ್ತ ಬಂದದ್ದು ನಗರದ ಗೋಡೆ ಬದಿಗೂ ದಾರಿ ತೋರಿಸುತ್ತದೆ. ಇವುಗಳಲ್ಲಿ ವೀಳ್ಯದ ಬಳ್ಳಿಯೇ ಮೇಲು: ಎರಡು ಮೂರು ಗಿಣ್ಣಿನ ತುಂಡು ನೆಟ್ಟರೆ ಚಿಗುರುತ್ತದೆ, ಕಡು ಬಿಸಿಲು ಬೇಡ, ತೇವ ಆರದಿದ್ದರೆ ಆಯಿತು. ಬೇರಿನ ಹಿಡಿತಕ್ಕೆ ಬಣ್ಣ ಕಿತ್ತುಬರದಂತೆ ಬಳ್ಳಿಯನ್ನು ಗೋಡೆಗೆ ಬಿಡದೆ ಬೇರೆ ಆಸರೆ ಕೊಡಬೇಕು. ಏಲಕ್ಕಿಗೆ ಬೆಂಗಳೂರಿನ ಗಾಳಿ ಒಣದು. ಸೊಪ್ಪು ಬೆಳೆದರೂ ಕಾಯಿಯ ಆಸೆ ಇಟ್ಟುಕೊಳ್ಳಬಾರದು.

ಗುಲಾಬಿ, ದಾಸವಾಳ, ಮಲ್ಲಿಗೆ, ತುಳಸಿಗಳನ್ನು ನೆರಳಿಗೆ ಹಾಕುವುದು ಅವುಗಳಿಗೆ ಮಾಡುವ ಅನ್ಯಾಯ. ಹೂವೇ ಬೇಕೆಂದರೆ ಅರೆನೆರಳಿಗೆ ಕನಕಾಂಬರ, ಕರ್ಣಕುಂಡಲ, ಬಿಗೋನಿಯಾ ಇವೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮನಿ ಪ್ಲಾಂಟ್, ಕ್ಯಾಲೇಡಿಯಂ, ಸಿಂಗೋನಿಯಂಗಳನ್ನು ಕೈಗೆಟುಕದಂತೆ ಬೆಳೆಸಬೇಕು. ಅವುಗಳ ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ.

ಆಲ, ಅತ್ತಿ, ರಬ್ಬರ್ ಗಿಡಗಳು ಗೋಡೆಯ ಹತ್ತಿರ ಸುಳಿಯಲೂ ಬಾರದು. ಬಿರುಕಿನಲ್ಲಿ ತಾನಾಗಿ ಮೊಳೆತ ಅರಳಿಯನ್ನು ನಾಲ್ಕು ಎಲೆ ಇರುವಾಗಲೇ ಬೇರು ಸಮೇತ ಕೀಳಬೇಕು. ಬಲಿತ ಮೇಲೆ ಗೋಡೆ ಒಡೆಯದೆ ಅದು ಬರುವುದಿಲ್ಲ.