ಕಲಾ ವಸ್ತುಸಂಗ್ರಹಾಲಯ ಮತ್ತು ಕನ್ನಡ ತರಗತಿ: ಆತಕೂರು ಶಾಸನದ ನಿದರ್ಶನ

ಶಾಸನಗಳನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅವುಗಳ ಪಠ್ಯವನ್ನಷ್ಟೇ ಬೋಧಿಸುತ್ತೇವೆ. ಕಲ್ಲಿನ ಗಾತ್ರ, ಅದರ ಮೇಲಿನ ಶಿಲ್ಪ, ಅಕ್ಷರಕ್ಕೂ ಚಿತ್ರಕ್ಕೂ ಇರುವ ಸಂಬಂಧ ಇವೆಲ್ಲವೂ ಮುದ್ರಿತ ಪುಟಕ್ಕೆ ಬರುವಷ್ಟರಲ್ಲಿ ಕಳಚಿಹೋಗಿರುತ್ತವೆ. ವಸ್ತುಸಂಗ್ರಹಾಲಯದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಕಲ್ಲಿದೆ, ಶಿಲ್ಪವಿದೆ. ಆದರೆ ಹಳಗನ್ನಡ ಬಲ್ಲವರು ಜೊತೆಗಿಲ್ಲದಿದ್ದರೆ ವಿದ್ಯಾರ್ಥಿಗೆ ಪಠ್ಯವು ಮೂಕವಾಗಿಯೇ ಉಳಿಯುತ್ತದೆ. ಈ ಎರಡು ಕೊರತೆಗಳನ್ನು ಪರಸ್ಪರ ತುಂಬಿಸುವ ಬಗೆ ಯಾವುದು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲಾ ಶಿಕ್ಷಣದಲ್ಲಿ ಕಲೆಗೆ ಸ್ಥಾನವಿರಬೇಕೆಂದು ಒತ್ತಿಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲಾಸಂಯೋಜಿತ ಕಲಿಕೆಯನ್ನು ಪ್ರತಿಪಾದಿಸಿದೆ. ಆದರೆ ಭಾಷಾ ಅಧ್ಯಾಪಕರು ಒಂದು ಶಿಲ್ಪದ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಏನು ಮಾಡಬೇಕೆಂಬುದು ನೀತಿಯಿಂದ ತಿಳಿಯುವಂಥದಲ್ಲ. ಅದಕ್ಕೆ ವಿಧಾನವೊಂದು ಬೇಕು.

1

ಇಂಥ ವಿಧಾನವೊಂದು ರೂಪುಗೊಂಡದ್ದು ಕಲಾ ವಸ್ತುಸಂಗ್ರಹಾಲಯದಲ್ಲಿಯೇ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1983ರಿಂದ 1993ರವರೆಗೆ ಶಿಕ್ಷಣ ನಿರ್ದೇಶಕರಾಗಿದ್ದ ಫಿಲಿಪ್ ಯೆನಾವೈನ್ ಒಂದು ಸಮಸ್ಯೆಯನ್ನು ಎದುರಿಸಿದರು. ಅಲ್ಲಿನ ವಿವರಣೆಗಳನ್ನು ಪ್ರೇಕ್ಷಕರು ಮೆಚ್ಚುತ್ತಿದ್ದರು. ಆದರೆ ಕೇಳಿದುದರಲ್ಲಿ ಅವರ ನೆನಪಿನಲ್ಲಿ ಉಳಿಯುತ್ತಿದ್ದುದು ಅತ್ಯಲ್ಪ. ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಅವರೊಡನೆ ಸೇರಿ ಅವರು ರೂಪಿಸಿದ ಬೋಧನಕ್ರಮವು ವಿಶುವಲ್ ಥಿಂಕಿಂಗ್ ಸ್ಟ್ರಾಟಜೀಸ್ ಎಂದು ಪ್ರಸಿದ್ಧವಾಗಿದೆ. ಇದರ ಆಧಾರ ಮೂರು ಪ್ರಶ್ನೆಗಳು: ಇಲ್ಲಿ ಏನು ನಡೆಯುತ್ತಿದೆ? ಹಾಗೆ ಹೇಳಲು ನಿಮಗೆ ಏನು ಕಾಣಿಸಿತು? ಇನ್ನೂ ಏನೇನು ಕಾಣುತ್ತದೆ? ಅಧ್ಯಾಪಕರು ಉತ್ತರ ಕೊಡುವುದಿಲ್ಲ. ವಿದ್ಯಾರ್ಥಿ ಹೇಳಿದುದನ್ನು ಬೇರೆ ಮಾತುಗಳಲ್ಲಿ ಮರುನುಡಿದು, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಜೋಡಿಸುತ್ತಾರೆ.

ಕನ್ನಡ ಅಧ್ಯಾಪಕರಿಗೆ ಇದು ಅಪರಿಚಿತವಲ್ಲ. ಒಂದು ಪದ್ಯದ ಅರ್ಥವನ್ನು ಹೇಳಿದ ವಿದ್ಯಾರ್ಥಿಯನ್ನು, ಆ ಅರ್ಥ ಯಾವ ಪದದಿಂದ ಹೊರಟಿತೆಂದು ನಾವು ಕೇಳುತ್ತೇವೆ. ಎರಡನೆಯ ಪ್ರಶ್ನೆ ಅದೇ. ಹಾಗಾಗಿ ಶಿಲ್ಪವನ್ನು ನೋಡುವ ಅಭ್ಯಾಸವು ಪಠ್ಯವನ್ನು ಓದುವ ಅಭ್ಯಾಸಕ್ಕೆ ಪೂರಕವೇ ಹೊರತು ಪಾಠದ ವೇಳೆಯನ್ನು ಕಸಿಯುವ ಸಂಗತಿಯಲ್ಲ.

2

ಈ ಕ್ರಮವನ್ನು ಆತಕೂರು ಶಾಸನಕ್ಕೆ ಅನ್ವಯಿಸಿ ನೋಡಬಹುದು. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಕಲ್ಲು ಈಗ 1865ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಇದರ ಕಾಲ ಕ್ರಿ.ಶ. 949-50.

ಅಕ್ಷರಗಳನ್ನು ಓದದೆ ಶಿಲ್ಪವನ್ನಷ್ಟೇ ನೋಡುವ ವಿದ್ಯಾರ್ಥಿಗೆ ಕಾಣುವುದು ಹಂದಿಯೊಡನೆ ಹೋರಾಡುತ್ತಿರುವ ನಾಯಿ. ವೀರಗಲ್ಲೆಂದರೆ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಎಂಬ ಪರಿಚಿತ ವಿನ್ಯಾಸವನ್ನು ಬಲ್ಲವರಿಗೆ ಇಲ್ಲಿ ಅಚ್ಚರಿ ಹುಟ್ಟುತ್ತದೆ. ಇಲ್ಲಿನ ವೀರ ಯಾರು? ಈ ಪ್ರಶ್ನೆ ವಿದ್ಯಾರ್ಥಿಯಿಂದಲೇ ಬರುವವರೆಗೆ ಕಾಯುವುದು ಲೇಸು.

ಅನಂತರ ಪಠ್ಯಕ್ಕೆ ಬರಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅಲ್ಲಿದೆ. ಬೂತುಗನ ಭಟ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಬೇಟೆಯಲ್ಲಿ ಕಾಳಿಯೂ ಹಂದಿಯೂ ಜೊತೆಯಾಗಿ ಸತ್ತವು. ಕಲ್ಲನ್ನು ಚಲ್ಲೇಶ್ವರ ದೇಗುಲದ ಮುಂದೆ ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಡಲಾಯಿತು.

ದಕ್ಷಿಣ ಭಾರತದ ರಾಜಕೀಯವನ್ನು ಬದಲಿಸಿದ ಯುದ್ಧ ಅಕ್ಷರದಲ್ಲಿದೆ. ನಾಯಿಯ ಹೋರಾಟ ಶಿಲ್ಪದಲ್ಲಿದೆ. ಪಠ್ಯವನ್ನಷ್ಟೇ ಓದಿದವರಿಗೆ ತಕ್ಕೋಲವೇ ಮುಖ್ಯವಾಗಿ, ಕಾಳಿಯದು ಒಂದು ಉಪಕಥೆಯಾಗುತ್ತದೆ. ಶಿಲ್ಪವನ್ನಷ್ಟೇ ನೋಡಿದವರಿಗೆ ಅದೊಂದು ಬೇಟೆಯ ದೃಶ್ಯ. ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ, ಓದಲಾರದ ದಾರಿಹೋಕನಿಗೂ ಕಾಣುವಂತೆ ಕೆತ್ತಿಸಲು ಆರಿಸಿಕೊಂಡದ್ದು ಯಾವುದನ್ನು, ಏಕೆ ಎಂಬ ಪ್ರಶ್ನೆ ಏಳುತ್ತದೆ. ಹೌಸೆನ್-ಯೆನಾವೈನ್ ಕ್ರಮದ ಮಿತಿಯೂ ಇಲ್ಲಿಯೇ ತಿಳಿಯುತ್ತದೆ. ಎಷ್ಟು ನೋಡಿದರೂ ನಾಯಿಯ ಹೆಸರು ಕಾಳಿ ಎಂಬುದು ಶಿಲ್ಪದಲ್ಲಿ ದೊರೆಯದು. ಅದನ್ನು ಕೊಡಬಲ್ಲವರು ಹಳಗನ್ನಡ ಬಲ್ಲ ಅಧ್ಯಾಪಕರು.

3

ಹೀಗಿರುವಾಗ ಸಂಗ್ರಹಾಲಯವು ಅಧ್ಯಾಪಕರಿಗೆ ಸಲ್ಲಿಸಬಹುದಾದ ನೆರವು ಮಾರ್ಗದರ್ಶಿಯೊಬ್ಬರ ಉಪನ್ಯಾಸವಲ್ಲ. ಮೊದಲನೆಯದಾಗಿ, ಭೇಟಿಗೆ ಮುನ್ನ ಶಾಸನದ ಪಡಿಯಚ್ಚಿನ ಪ್ರತಿ, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಛಾಯಾಚಿತ್ರ ಮತ್ತು ಇಂದಿನ ಲಿಪಿಯಲ್ಲಿ ಪಠ್ಯ ಅಧ್ಯಾಪಕರ ಕೈಸೇರಬೇಕು. ಎರಡನೆಯದಾಗಿ, ವಿದ್ಯಾರ್ಥಿಗಳು ಬರುವ ಮೊದಲು ಅಧ್ಯಾಪಕರೇ ಒಂದು ದಿನ ಆ ಕಲ್ಲಿನ ಮುಂದೆ ಕುಳಿತು ಚರ್ಚಿಸುವ ಅವಕಾಶ ಬೇಕು. ಮೂರನೆಯದಾಗಿ, ಭೇಟಿಯಲ್ಲಿ ಒಂದೆರಡು ವಸ್ತುಗಳನ್ನು ಮಾತ್ರ ಆಯ್ದುಕೊಳ್ಳಬೇಕು. ಒಂದೇ ಗಂಟೆಯಲ್ಲಿ ಎಲ್ಲ ಕೊಠಡಿಗಳನ್ನೂ ಸುತ್ತಿದ ವಿದ್ಯಾರ್ಥಿ ಏನನ್ನೂ ನೋಡಿರುವುದಿಲ್ಲ.

ಬೆಂಗಳೂರಿಗೆ ಬರಲಾಗದ ಶಾಲೆ ಕಾಲೇಜುಗಳೇ ಹೆಚ್ಚು. ಅವುಗಳಿಗೆ ಪಡಿಯಚ್ಚು ಮತ್ತು ಛಾಯಾಚಿತ್ರಗಳು ಹೋಗಬಹುದು. ಅದಕ್ಕಿಂತ ಮಿಗಿಲಾಗಿ ವಿಧಾನವೇ ಹೋಗಬಹುದು. ಕೆರೆ ಏರಿಯ ಮೇಲೋ ಗುಡಿಯ ಹಿಂದೋ ವೀರಗಲ್ಲಿರುವ ಊರುಗಳು ಕರ್ನಾಟಕದಲ್ಲಿ ಅನೇಕ. ಕಾಳಿಯ ಕಲ್ಲನ್ನು ನೋಡಲು ಕಲಿತ ವಿದ್ಯಾರ್ಥಿ ತನ್ನೂರಿನ ಕಲ್ಲಿಗೂ ಅದೇ ಮೂರು ಪ್ರಶ್ನೆಗಳನ್ನು ಕೇಳಬಲ್ಲ.

ಆತಕೂರು ಶಾಸನದಲ್ಲಿ ಒಂದು ವಿಧಿಯಿದೆ: ದೇಗುಲದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ. ಕಲ್ಲು ತನ್ನ ನೆಲೆಯಿಂದ ಸಂಗ್ರಹಾಲಯಕ್ಕೆ ಬಂದ ಮೇಲೆ ಆ ನಿತ್ಯಪೂಜೆ ನಿಂತುಹೋಯಿತು. ಆದರೆ ದಿನವೂ ಯಾರಾದರೊಬ್ಬರು ಆ ಕಲ್ಲಿನ ಮುಂದೆ ನಿಂತು ಕಾಳಿಯನ್ನು ನೆನೆಯಬೇಕೆಂಬ ಆಶಯ ಅದರಲ್ಲಿ ಇನ್ನೂ ಅಳಿದಿಲ್ಲ. ಅದನ್ನು ಈಡೇರಿಸುವ ಹೊಣೆ ಸಂಗ್ರಹಾಲಯಕ್ಕೂ ಕನ್ನಡ ತರಗತಿಗೂ ಸಮಾನವಾಗಿ ಸೇರಿದುದು.