ತೇಲುಸೇತುವೆಯ ಒಂದು ಮಾದರಿ

ವೇಗವಾಗಿ ಮುನ್ನಡೆಯುತ್ತಿರುವ ಸೈನ್ಯವು ದೊಡ್ಡದೊಂದು ನದಿಯ ದಡಕ್ಕೆ ಬಂದೊಡನೆ ಅದರ ವೇಗವೆಲ್ಲ ಉಡುಗಿಹೋಗುತ್ತದೆ. ಹಿಂಜರಿಯುವ ಶತ್ರುವು ಇದ್ದ ಸೇತುವೆಯನ್ನು ಸಿಡಿಸಿ ಹೋಗಿರುತ್ತಾನೆ. ನೀರಿನೊಳಗೆ ಕಂಬಗಳನ್ನೆಬ್ಬಿಸಿ ಹೊಸದನ್ನು ಕಟ್ಟಲು ಕಾಲವಿರುವುದಿಲ್ಲ. ಆಗ ಉಳಿಯುವ ಉಪಾಯವೆಂದರೆ ನೀರನ್ನೇ ಕಂಬವಾಗಿ ಮಾಡಿಕೊಳ್ಳುವುದು. ಈ ಉಪಾಯ ಹೊಸದಲ್ಲ. ಕ್ರಿ.ಪೂ. 480ರ ದಂಡಯಾತ್ರೆಗಾಗಿ ಪಾರಸೀಕ ಚಕ್ರವರ್ತಿ ಕ್ಸರ್ಕ್ಸೀಸನು ಹೆಲೆಸ್ಪಾಂಟ್ ಜಲಸಂಧಿಯ ಮೇಲೆ ಹಡಗುಗಳ ಎರಡು ಸೇತುವೆಗಳನ್ನು ಕಟ್ಟಿಸಿದನೆಂದೂ, ಒಂದಕ್ಕೆ 360, ಮತ್ತೊಂದಕ್ಕೆ 314 ಹಡಗುಗಳು ಬೇಕಾದುವೆಂದೂ ಹೆರೊಡೊಟಸನು ಬರೆದಿದ್ದಾನೆ. ಅದಕ್ಕೆ ಮೊದಲು ಕಟ್ಟಿದವು ಬಿರುಗಾಳಿಗೆ ಒಡೆದುಹೋದಾಗ ಅರಸನು ಸಮುದ್ರಕ್ಕೆ ಚಾಟಿಯೇಟು ಕೊಡಿಸಿದನಂತೆ! ಸಮುದ್ರವು ಅದರಿಂದ ಏನನ್ನೂ ಕಲಿಯಲಿಲ್ಲ. ಇಂಜಿನಿಯರುಗಳು ಮಾತ್ರ ಕಲಿತರು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಬರ್ಮಾದ್ದು. 1944ರ ಡಿಸೆಂಬರಿನಲ್ಲಿ ಹದಿನಾಲ್ಕನೆಯ ಸೈನ್ಯವು ಕಲೇವಾ ಎಂಬಲ್ಲಿ ಚಿಂದ್ವಿನ್ ನದಿಯ ಮೇಲೆ 1,154 ಅಡಿ ಉದ್ದದ ತೇಲುಸೇತುವೆಯನ್ನು ಹಾಸಿ ಮಾಂಡಲೆಯ ಕಡೆಗೆ ಸಾಗಿತು. ಅದರ ಮೇಲ್ಕಟ್ಟು ಡೊನಾಲ್ಡ್ ಬೇಲಿ ಎಂಬ ಇಂಗ್ಲಿಷ್ ಇಂಜಿನಿಯರನು ರೂಪಿಸಿದ ಉಕ್ಕಿನ ಪ್ಯಾನಲುಗಳದು; ಪ್ಯಾನಲುಗಳ ಕೆಳಗಿದ್ದುದು ಪಾಂಟೂನುಗಳೆಂಬ ಚಪ್ಪಟೆ ತಳದ ದೋಣಿಗಳ ಸಾಲು. ಬರ್ಮಾ ಯುದ್ಧದಲ್ಲಿ ಭಾಗವಹಿಸಿದ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವು ಬೆಂಗಳೂರಿನಲ್ಲಿ ಹಲಸೂರು ಕೆರೆಯ ಬಳಿಯಲ್ಲಿಯೇ ಇರುವುದರಿಂದ, ಈ ವಿಷಯ ನಮ್ಮ ವಾಚಕರಿಗೆ ತೀರ ದೂರದ್ದೇನೂ ಅಲ್ಲ.

ಇಂತಹ ಸೇತುವೆಯ ಮಾದರಿಯೊಂದನ್ನು ಈಗ ನಾವು ಕಟ್ಟೋಣ. ಗಾಜಿನ ಕಪಾಟಿನಲ್ಲಿಡುವ ಬೊಂಬೆಯಲ್ಲ. ನೀರಿನಲ್ಲಿ ತೇಲಿ, ಭಾರವನ್ನು ಹೊತ್ತು, ನಿಜಸೇತುವೆ ಎಷ್ಟು ಮುಳುಗುವುದೋ ಅದಕ್ಕೆ ತಕ್ಕಷ್ಟೇ ಮುಳುಗುವ ಮಾದರಿ. ಇದಕ್ಕೆ ಮೊದಲು ಬೇಕಾದುದು ಗರಗಸವಲ್ಲ, ಲೆಕ್ಕ.

ಮಾನವು 1:50 ಆಗಿರಲಿ. ಉದ್ದವೆಲ್ಲ ಐವತ್ತರಲ್ಲಿ ಒಂದು ಪಾಲಾಗುತ್ತದೆ. ಆದರೆ ಘನಫಲವು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಕುಗ್ಗುವುದರಿಂದ 50×50×50, ಅಂದರೆ 1,25,000ದಲ್ಲಿ ಒಂದು ಪಾಲಾಗುತ್ತದೆ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ನೆನೆಯಿರಿ. ಮಾದರಿಯ ದೋಣಿ ಸರಿಸಬಲ್ಲ ನೀರು 1,25,000ದಲ್ಲಿ ಒಂದು ಪಾಲಾದ ಮೇಲೆ ಅದರ ತೂಕವೂ, ಅದು ಹೊರುವ ಭಾರವೂ ಅದೇ ಪಾಲಿನವಾಗಿರಬೇಕು. ಹೀಗೆ 20 ಟನ್ನಿನ ವಾಹನವೊಂದು ನಮ್ಮ ಮಾದರಿಯಲ್ಲಿ 160 ಗ್ರಾಂ ಆಗುತ್ತದೆ. ಆಟದ ಲಾರಿಯೊಂದರ ಹೊಟ್ಟೆಗೆ ಸೀಸದ ಗುಂಡುಗಳನ್ನು ತುಂಬಿ ತಕ್ಕಡಿಯಲ್ಲಿ ಸರಿತೂಗಿಸಿಕೊಂಡರೆ ಪರೀಕ್ಷೆಯ ಭಾರ ಸಿದ್ಧ.

ಇನ್ನು ಪ್ಯಾನಲು. ನಿಜವಾದುದರ ಉದ್ದ 10 ಅಡಿ, ಎತ್ತರ ಸುಮಾರು 5 ಅಡಿ, ತೂಕ ಸುಮಾರು 570 ಪೌಂಡು, ಎಂದರೆ ಹೆಚ್ಚುಕಡಿಮೆ 259 ಕಿಲೋಗ್ರಾಂ. ಆರು ಮಂದಿ ಕೈಯಿಂದಲೇ ಎತ್ತಿ ಒಯ್ಯುವಂತಿರಬೇಕೆಂದು ಈ ತೂಕವನ್ನು ಮಿತಿಗೊಳಿಸಿದ್ದರು; ಯುದ್ಧಭೂಮಿಗೆ ಕ್ರೇನು ಬರುವ ತನಕ ಕಾಯುವವರು ಯಾರು? ನಮ್ಮ ಮಾನದಲ್ಲಿ ಇದು 61 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಎತ್ತರ, ಎರಡು ಗ್ರಾಂ ತೂಕ. 0.8 ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೇಲೊಂದು ಕೆಳಗೊಂದು ಉದ್ದಪಟ್ಟಿ, ಮೂರು ನೇರಗಂಬಗಳು, ಅವುಗಳ ನಡುವಣ ಎರಡು ಮನೆಗಳಲ್ಲಿ ಒಂದೊಂದು ವಜ್ರಾಕಾರದ ಕಟ್ಟು — ಒಟ್ಟು ಸುಮಾರು 38 ಸೆಂಟಿಮೀಟರ್ ತಂತಿ ಸಾಕು. ಅದರ ತೂಕ 1.6 ಗ್ರಾಂ, ಬೆಸುಗೆಯ ಸೀಸ ಸೇರಿದರೆ ಎರಡು ಗ್ರಾಮಿನ ಹತ್ತಿರಕ್ಕೆ ತಾನಾಗಿಯೇ ಬರುತ್ತದೆ. ಉದ್ದಪಟ್ಟಿಗಳು ನಿಜವಾದವುಗಳಿಗಿಂತ ತೆಳ್ಳಗೆ ಕಾಣುತ್ತವೆ, ಅದು ನಿಜ. ಕಣ್ಣು ಅದನ್ನು ಆಕ್ಷೇಪಿಸಬಹುದು, ತಕ್ಕಡಿ ಆಕ್ಷೇಪಿಸುವುದಿಲ್ಲ.

ಎಲ್ಲ ಪ್ಯಾನಲುಗಳೂ ಒಂದೇ ಅಚ್ಚಿನವಾಗಲು ಮರದ ಹಲಗೆಯ ಮೇಲೆ ಚಿತ್ರವನ್ನು ಬರೆದು, ಮೂಲೆಮೂಲೆಗೆ ಸಣ್ಣ ಮೊಳೆ ಹೊಡೆದು, ತಂತಿಯನ್ನು ಅವುಗಳ ನಡುವೆ ಇರಿಸಿ ಬೆಸೆಯಬೇಕು. ಒಂದು ಕಡೆ ಬೆಸೆಯುವಾಗ ಪಕ್ಕದ ಬೆಸುಗೆ ಕರಗುವುದುಂಟು. ಮುಗಿದ ಗಂಟಿನ ಮೇಲೆ ಒದ್ದೆಬಟ್ಟೆಯ ಚೂರನ್ನು ಹಾಕಿಟ್ಟರೆ ಈ ತೊಂದರೆ ತಪ್ಪುತ್ತದೆ.

ನಾಲ್ಕು ಪ್ಯಾನಲುಗಳ ಉದ್ದಕ್ಕೆ, ಅಂದರೆ 244 ಮಿಲಿಮೀಟರಿಗೆ, ಒಂದು ತೇಲುಖಂಡ. ಎರಡು ಪಕ್ಕಕ್ಕೂ ಸೇರಿ ಎಂಟು ಪ್ಯಾನಲುಗಳು. ನಡುವೆ ಅಡ್ಡತೊಲೆಗಳು, ಅವುಗಳ ಮೇಲೆ ಉದ್ದತೊಲೆಗಳು, ಅದರ ಮೇಲೆ ತೆಳುಹಲಗೆಯ ಹಾಸು. ಒಂದೊಂದು ಖಂಡಕ್ಕೂ ಎರಡೆರಡು ದೋಣಿಗಳು. ಇವನ್ನು ಒಂದು ಮಿಲಿಮೀಟರ್ ಪ್ಲೈವುಡ್ಡಿನಿಂದ 24 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಆಳದ ಪೆಟ್ಟಿಗೆಗಳಾಗಿ ಮಾಡಿ, ಒಳಗೂ ಹೊರಗೂ ವಾರ್ನಿಷ್ ಬಳಿದೆವು. ದೋಣಿಯ ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳನ್ನು ಎಳೆದಿಡುವುದನ್ನು ಮರೆಯಬಾರದು. ಪಾಠವೆಲ್ಲ ಆ ಗೆರೆಗಳಲ್ಲಿದೆ. ಇಡೀ ಖಂಡವು ದೋಣಿಗಳೂ ಸೇರಿ 15 ಟನ್ನಿನದೆಂದು ಇಟ್ಟುಕೊಂಡರೆ ಮಾದರಿಯಲ್ಲಿ 120 ಗ್ರಾಂ ಆಗಬೇಕು. ನಮ್ಮದು ಅದಕ್ಕಿಂತ ಹಗುರವಾಯಿತು. ಕೊರತೆಯನ್ನು ದೋಣಿಗಳ ತಳದಲ್ಲಿ ಸೀಸದ ತುಂಡುಗಳನ್ನಿಟ್ಟು ತುಂಬಿದೆವು.

ಲೆಕ್ಕ ಸರಳವಾಗಿಯೇ ಇತ್ತು. ಒಂದು ದೋಣಿಯ ತಳ 96 ಚದರ ಸೆಂಟಿಮೀಟರ್. ಅಂಚಿನವರೆಗೆ ಮುಳುಗಿದರೆ ಅದು 192 ಗ್ರಾಂ ಹೊರುತ್ತದೆ. ಬರಿಯ ಸೇತುವೆಯ ಭಾರ ಒಂದೊಂದಕ್ಕೆ 60 ಗ್ರಾಂ. ಖಂಡದ ನಡುವೆ ಲಾರಿ ನಿಂತಾಗ ಇನ್ನೊಂದು 80. ಒಟ್ಟು 140 ಗ್ರಾಮಿಗೆ ದೋಣಿಯು 14.6 ಮಿಲಿಮೀಟರ್ ಮುಳುಗಿ 5 ಮಿಲಿಮೀಟರಿನಷ್ಟು ಮೇಲುಳಿಯಬೇಕು. ಹಾಗೆಯೇ ಆಯಿತು. ನಾವು ಸಂತೋಷದಿಂದ ಎರಡು ಖಂಡಗಳನ್ನು ಜೋಡಿಸಿ, ಲಾರಿಯನ್ನು ಒಂದರಿಂದ ಮತ್ತೊಂದಕ್ಕೆ ತಳ್ಳಿದೆವು. ಅದು ಜೋಡಣೆಯ ಮೇಲೆ ಬಂದೊಡನೆ ಸೇತುವೆ ನಡುವೆ ಮುರಿದಂತೆ ತಗ್ಗಿತು, ಎರಡು ದೋಣಿಗಳಿಗೆ ನೀರು ನುಗ್ಗಿತು, ಲಾರಿಯು ತೊಟ್ಟಿಯ ತಳವನ್ನು ಸೇರಿತು.

ತಪ್ಪೆಲ್ಲಿ? ಕೈಗೆ ಎಟುಕುವುದು ಸುಲಭವೆಂದು ನಾವು ಮೇಲಣ ಪಟ್ಟಿಗಳಿಗೆ ಮಾತ್ರ ಕೊಕ್ಕೆ ಹಾಕಿದ್ದೆವು. ಭಾರದ ಕೆಳಗೆ ಸೇತುವೆ ತಗ್ಗುವಾಗ ಮೇಲಣ ಪಟ್ಟಿ ಒತ್ತಲ್ಪಡುತ್ತದೆ, ಕೆಳಗಣದು ಎಳೆಯಲ್ಪಡುತ್ತದೆ. ಎಳೆತವನ್ನು ತಡೆಯುವುದೇನೂ ಇಲ್ಲದುದರಿಂದ ಜೋಡಣೆಯು ಕೀಲಿನಂತೆ ತೆರೆದುಕೊಂಡಿತು. ಆಗ ಒಂದೊಂದು ಖಂಡದ ತುದಿಗೂ 80 ಗ್ರಾಂ ಬೀಳುತ್ತದೆ; ತುದಿಯ ಭಾರ ಖಂಡವನ್ನು ಓರೆಮಾಡುತ್ತದೆ. ದೋಣಿಗಳು ತುದಿಯಿಂದ ಕಾಲು ಪಾಲು ಒಳಗಿರುವುದರಿಂದ, ಸನ್ನೆಯ ನಿಯಮದಂತೆ ಲೆಕ್ಕ ಹಾಕಿದರೆ, ಜೋಡಣೆಗೆ ಹತ್ತಿರದ ದೋಣಿಯ ಪಾಲಿಗೆ 180 ಗ್ರಾಮೂ ದೂರದ್ದಕ್ಕೆ 20 ಗ್ರಾಮೂ ಬರುತ್ತವೆ. 180 ಗ್ರಾಮಿಗೆ ಮುಳುಗು 18.75 ಮಿಲಿಮೀಟರ್. ಉಳಿದ ಅಂಚು ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಲಾರಿಯನ್ನು ತಳ್ಳಿದ ಬೆರಳಿನ ಅಲೆಯೇ ಅದಕ್ಕೆ ಸಾಕಾಯಿತು. ನಮಗೆ ನಷ್ಟವಾದುದು ಒಂದು ಸಂಜೆ. ನದಿಯ ಮೇಲಾದರೆ ಆ ವಾಹನದೊಳಗೆ ಮನುಷ್ಯರಿರುತ್ತಾರೆ.

ಮರುದಿನ ಮೇಲಣ, ಕೆಳಗಣ ಎರಡು ಪಟ್ಟಿಗಳಿಗೂ ಪಿನ್ನು ಹಾಕಿದೆವು. ಈಗ ಎರಡು ಖಂಡಗಳೂ ಒಂದೇ ತೊಲೆಯಂತೆ ನಡೆದುಕೊಂಡು ಲಾರಿಯ ಭಾರವನ್ನು ನಾಲ್ಕು ದೋಣಿಗಳಿಗೂ ಹಂಚಿದುವು. ಒಂದೊಂದಕ್ಕೆ 100 ಗ್ರಾಂ. ಮುಳುಗು ಹತ್ತೂವರೆ ಮಿಲಿಮೀಟರಿಗೂ ಕಡಮೆ. ಹೊಸ ದೋಣಿಯನ್ನಾಗಲಿ ಹೊಸ ಮರವನ್ನಾಗಲಿ ಸೇರಿಸದೆ ಎರಡು ಪಿನ್ನುಗಳಿಂದ ಆದ ಲಾಭವಿದು.

ಮೂರನೆಯ ಖಂಡವನ್ನೂ ಹೀಗೆಯೇ ಬಿಗಿದು, ದಡದಿಂದ ಸೇತುವೆಗೆ ಮೂರು ಮೂರು ಪ್ಯಾನಲು ಉದ್ದದ ಇಳಿದಾರಿಗಳನ್ನು ಎರಡು ಕಡೆಯೂ ಇಟ್ಟೆವು. ಇವಕ್ಕೆ ಮಾತ್ರ ಕೀಲೇ ಬೇಕು. ನದಿಯ ನೀರು ಏರಿದರೂ ಇಳಿದರೂ ದಡ ಇದ್ದಲ್ಲಿಯೇ ಇರುತ್ತದಷ್ಟೆ. ಲಾರಿ ಈ ಕೀಲಿನ ಮೇಲೆ ಬಂದಾಗ ಕೊನೆಯ ದೋಣಿ 17 ಮಿಲಿಮೀಟರ್ ಮುಳುಗುತ್ತದೆ. ನಿಜಸೇತುವೆಗಳಲ್ಲಿ ತುದಿಯ ಖಂಡಕ್ಕೆ ಹೆಚ್ಚು ದೋಣಿಗಳನ್ನು ಕಟ್ಟುವುದರ ಕಾರಣ ಇದೇ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಮಾದರಿ ಮುಳುಗುವ ವಿಷಯದಲ್ಲಿ ಸತ್ಯವನ್ನು ಹೇಳುತ್ತದೆ, ಮುರಿಯುವ ವಿಷಯದಲ್ಲಿ ಹೇಳುವುದಿಲ್ಲ. ಭಾರವು ಉದ್ದದ ಘನದಂತೆ ಕುಗ್ಗಿದರೆ, ಅದನ್ನು ತಡೆಯುವ ತಂತಿಯ ಅಡ್ಡಕೊಯ್ತವು ವರ್ಗದಂತೆ ಮಾತ್ರ ಕುಗ್ಗುತ್ತದೆ. ಆದುದರಿಂದ ಒಂದೇ ಲೋಹದಿಂದ, ಎಲ್ಲ ಅಳತೆಗಳನ್ನೂ ಸರಿಯಾಗಿ ಕುಗ್ಗಿಸಿ ಮಾಡಿದ 1:50ರ ಮಾದರಿ ತನ್ನ ಭಾರಕ್ಕೆ ಹೋಲಿಸಿದರೆ ಐವತ್ತು ಪಟ್ಟು ಗಟ್ಟಿ. ಇದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ವಿವರಿಸಿದ್ದನು. ನಿಜಸೇತುವೆ ಭಾರದ ಕೆಳಗೆ ಕಣ್ಣಿಗೆ ಕಾಣುವಂತೆ ಬಾಗುತ್ತದೆ; ಹೀಗಾಗಿ ನಡುವಿನ ದೋಣಿಗಳು ನಮ್ಮ ಲೆಕ್ಕಕ್ಕಿಂತ ಹೆಚ್ಚು ಹೊರಬೇಕಾಗುತ್ತದೆ.

ಕೊನೆಗೆ ಪ್ರವಾಹ. ಹಿತ್ತಲಲ್ಲಿ ಸುಮಾರು ತೊಂಬತ್ತು ಸೆಂಟಿಮೀಟರ್ ಅಗಲದ ನೀರುಗಾಲುವೆಯಿದ್ದರೆ ಸೇತುವೆಯನ್ನು ಅದರಲ್ಲಿಯೇ ಹಾಸಬಹುದು. ಅಲೆ, ಪ್ರವಾಹಗಳ ಮಾದರಿಗಳಲ್ಲಿ ವೇಗವು ಮಾನದ ವರ್ಗಮೂಲದಂತೆ ಕುಗ್ಗಬೇಕೆಂಬುದು ವಿಲಿಯಂ ಫ್ರೂಡನ ನಿಯಮ. ಐವತ್ತರ ವರ್ಗಮೂಲ ಸುಮಾರು 7. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನದಿಗೆ ಕಾಲುವೆಯಲ್ಲಿ ಸೆಕೆಂಡಿಗೆ 14 ಸೆಂಟಿಮೀಟರ್. ಬೆಂಡಿನ ಚೂರೊಂದನ್ನು ತೇಲಿಬಿಟ್ಟು ಗಡಿಯಾರದಿಂದ ಇದನ್ನು ಅಳೆಯಬಹುದು. ನಮ್ಮ ಪೆಟ್ಟಿಗೆಯಂತಹ ದೋಣಿಗಳ ಮೊಂಡು ಮೂತಿಯ ಮುಂದೆ ನೀರು ಗುಡ್ಡೆಗಟ್ಟಿತು. ಮೂತಿಯ ತಳವನ್ನು ಓರೆಯಾಗಿ ಮೇಲಕ್ಕೆತ್ತಿ ಮಾಡಿದ ಮೇಲೆ ಅದು ಕೆಳಗೆ ನುಸುಳಿಹೋಯಿತು. ಲಂಗರಿನ ದಾರವನ್ನು ಮೊದಲು ಗಿಡ್ಡವಾಗಿ ಕಟ್ಟಿದ್ದೆವು; ಅದು ಕಡಿದಾಗಿ ಕೆಳಗಿಳಿದು ಪ್ರತಿಯೊಂದು ದೋಣಿಯ ಮೂತಿಯನ್ನೂ ನೀರಿನೊಳಕ್ಕೆ ಎಳೆಯುತ್ತಿತ್ತು. ನೀರಿನ ಆಳದ ಹತ್ತರಷ್ಟು ಉದ್ದ ದಾರ ಬಿಟ್ಟು, ಗೂಟವನ್ನು ಪ್ರವಾಹದ ಮೇಲ್ಗಡೆ ದೂರದಲ್ಲಿ ನೆಟ್ಟಾಗ ದೋಣಿಗಳು ಮತ್ತೆ ಮಟ್ಟವಾಗಿ ನಿಂತುವು, ಲಾರಿಯೂ ದಾಟಿತು.