ಆನ್‌ಲೈನ್ ಅರ್ಜಿ ಮತ್ತು ನಮ್ಮ ಸಂಘದ ಸಭೆ



ಈ ಸಲದ ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ಪ್ರಶ್ನೆ ನನ್ನದಲ್ಲ. ರೋಣ ತಾಲೂಕಿನ ಹಳ್ಳಿಯೊಂದರಲ್ಲಿ ಸಂಘದ ಸಭೆ ಮುಗಿದು ಚಾಪೆ ಸುತ್ತುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ನನ್ನನ್ನು ತಡೆದು ಕೇಳಿದ್ದು. "ಸಿಸ್ಟರ್, ನಮ್ಮ ಓಣಿ ನೀರಿನ ಅರ್ಜಿ ಮುಗದೈತಿ ಅಂತ ಫೋನಿನ್ಯಾಗ ಬಂದೈತ್ರಿ. ನಳದಾಗ ನೀರು ಬಂದಿಲ್ಲ. ಹಂಗಾದ್ರ ಮುಗದದ್ದು ಏನ್ರಿ?"

ಆಕೆಯ ಮೊಮ್ಮಗ ಕಾಲೇಜಿಗೆ ಹೋಗುವ ಹುಡುಗ. ಓಣಿಗೆ ಎಂಟೊಂಬತ್ತು ದಿನಕ್ಕೊಮ್ಮೆ ನೀರು ಬರುತ್ತಿದೆ, ಬಂದರೂ ಕೊನೆಯ ಮನೆಗಳಿಗೆ ಮುಟ್ಟುತ್ತಿಲ್ಲ ಎಂದು ಮೊಬೈಲಿನಲ್ಲೇ ದೂರು ಬರೆದಿದ್ದ. ಒಂದು ನಂಬರ್ ಬಂತು. ಮನೆಯವರಿಗೆಲ್ಲ ಸಂತೋಷವಾಯಿತು. ಕೆಲವು ದಿನಗಳ ಮೇಲೆ ಇನ್ನೊಂದು ಸಂದೇಶ ಬಂತು: ಪರಿಶೀಲಿಸಿ ಕ್ರಮ ಕೈಗೊಳ್ಳಲಾಗಿದೆ, ದೂರು ಮುಕ್ತಾಯಗೊಳಿಸಲಾಗಿದೆ. ಯಾರು ಬಂದು ಪರಿಶೀಲಿಸಿದರು, ಯಾವ ಕ್ರಮ ಕೈಗೊಂಡರು ಎಂಬುದು ಓಣಿಯ ಒಬ್ಬರಿಗೂ ಗೊತ್ತಿಲ್ಲ.

ಆ ದಿನ ಆ ತಾಯಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. "ಮತ್ತೊಂದು ಅರ್ಜಿ ಹಾಕೋಣ ಬಿಡವ್ವಾ" ಎಂದು ಹೇಳಿ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಆ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯಿತು. ಈ ಪಾಠ ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಒಳ್ಳೆಯದನ್ನು ಹೇಳಬೇಕು. ಹಿಂದೆ ಒಂದು ಪಹಣಿ ಪತ್ರಿಕೆ ಬೇಕೆಂದರೆ ಹಳ್ಳಿಯ ರೈತ ಎಷ್ಟು ಸಲ ತಿರುಗಬೇಕಿತ್ತು ಎಂಬುದು ನಮ್ಮಲ್ಲಿ ಹಿರಿಯರಾದವರಿಗೆ ನೆನಪಿದೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಸಿಗತೊಡಗಿತು. ಆ ಕೇಂದ್ರಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಸಂಗತಿ ಇತ್ತು. ಗಣಕಯಂತ್ರಕ್ಕೆ ಎರಡು ಪರದೆ ಇಟ್ಟಿದ್ದರು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ. ತನ್ನ ಹೊಲದ ಬಗ್ಗೆ ಒಳಗೆ ಏನಿದೆ ಎಂಬುದನ್ನು ರೈತನೂ ಅದೇ ಗಳಿಗೆಯಲ್ಲಿ ನೋಡಬಹುದಿತ್ತು. ಓದಲು ಬಾರದವರು ಪಕ್ಕದವರಿಂದ ಓದಿಸಿ ಕೇಳುತ್ತಿದ್ದರು.

ಆಮೇಲೆ 'ಸಕಾಲ' ಬಂತು. 2011ರ ಕಾಯಿದೆ, 2012ರ ಏಪ್ರಿಲ್ 2ರಿಂದ ಇಡೀ ರಾಜ್ಯದಲ್ಲಿ ಜಾರಿ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳಿಗೆ ಇಷ್ಟೇ ದಿನ ಎಂದು ಗಡುವು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. 500 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ 'ನಾಳೆ ಬಾ' ಎಂಬ ಮಾತಿಗೆ ಒಂದು ಲೆಕ್ಕ ಹುಟ್ಟಿತು. ದೂರುಗಳಿಗಾಗಿ 2021ರಲ್ಲಿ 'ಜನಸ್ಪಂದನ' ವ್ಯವಸ್ಥೆ ಬಂತು, 1902 ಎಂಬ ಸಹಾಯವಾಣಿಯೂ ಬಂತು. 2020ರಲ್ಲಿ ಬಂದ 'ಇ-ಗ್ರಾಮಸ್ವರಾಜ್' ತಾಣದಲ್ಲಿ ನಮ್ಮ ಪಂಚಾಯತಿಯ ಯೋಜನೆಯಲ್ಲಿ ಯಾವ ಕಾಮಗಾರಿ ಇದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಯಾರ ಕಾಲಿಗೂ ಬೀಳದೆ, ಯಾರ ಶಿಫಾರಸ್ಸೂ ಇಲ್ಲದೆ ಕೇಳಬಹುದು. ಇದು ಬಡವರ ಪಾಲಿಗೆ ಸಣ್ಣ ಮಾತಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿರಿ, ಸಂಘಗಳಲ್ಲಿ ಇದು ಬಹಳ ಗೊಂದಲವಾಗುತ್ತದೆ. ಸಕಾಲದ ಗಡುವು ಮತ್ತು ಪರಿಹಾರ ಅದರ ಪಟ್ಟಿಯಲ್ಲಿರುವ ಸೇವೆಗಳಿಗೆ ಮಾತ್ರ. ಓಣಿಗೆ ನೀರಿಲ್ಲ, ಬೀದಿ ದೀಪವಿಲ್ಲ ಎಂಬುದು ದೂರು. ದೂರಿನ ದಾರಿ ಬೇರೆ. ಕಷ್ಟ ಇರುವುದೂ ಆ ದಾರಿಯಲ್ಲೇ.

ಕಷ್ಟ ಯಾವುದೆಂದು ತಿಳಿಯಲು ನಮ್ಮದೇ ನೆಲದ ಕಥೆಯನ್ನು ಸ್ವಲ್ಪ ನೆನೆಯೋಣ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದದ್ದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಮಲಪ್ರಭಾ ಕಾಲುವೆ ಬಂತು, ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ, ನೀರಿನ ಕರ ಬಂತು. ರೈತರು ಅರ್ಜಿ ಕೊಟ್ಟರು, ಕೇಳಿದರು, ಕೊನೆಗೆ ಸಾವಿರಾರು ಜನ ತಹಶೀಲ್ದಾರ ಕಚೇರಿಗೆ ಬಂದರು. ಗೋಲಿಬಾರ್ ಆಯಿತು, ರೈತರು ಜೀವ ಕಳೆದುಕೊಂಡರು, ಪೊಲೀಸರೂ ಸತ್ತರು. ಆ ರಕ್ತಪಾತ ಯಾರಿಗೂ ಬೇಡ. ಮತ್ತೆ 2015ರ ಜುಲೈಯಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ರೈತರು ಧರಣಿ ಕುಳಿತರು, ವರ್ಷಗಟ್ಟಲೆ ಶಾಂತಿಯಿಂದ ಕುಳಿತರು. ಎರಡೂ ಸಂದರ್ಭದಲ್ಲಿ ಒಂದು ಸಂಗತಿ ಸಮಾನ. ಬೇಡಿಕೆ ಒಬ್ಬರದಾಗಿರಲಿಲ್ಲ, ಎಲ್ಲರದಾಗಿತ್ತು. ಕೇಳುವವರಿಗೆ ಪಕ್ಕದವರ ಮುಖ ಕಾಣುತ್ತಿತ್ತು, ಉತ್ತರ ಕೊಡಬೇಕಾದವರಿಗೂ ಜನರ ಮುಖ ಕಾಣುತ್ತಿತ್ತು.

ಮೊಬೈಲಿನ ದೂರಿನಲ್ಲಿ ಇದು ಇಲ್ಲ. ಒಂದು ಓಣಿಯ ನಲವತ್ತು ಮನೆಯ ತೊಂದರೆ ಅಲ್ಲಿ ಒಬ್ಬ ಹುಡುಗನ ದೂರಾಗಿ ಹೋಗುತ್ತದೆ. ನಲವತ್ತು ಮನೆಯವರೂ ಬರೆದರೆ ನಲವತ್ತು ಬೇರೆ ಬೇರೆ ನಂಬರ್ ಆಗುತ್ತವೆ, ನಲವತ್ತೂ ಬೇರೆ ಬೇರೆಯಾಗಿ ಮುಗಿಯುತ್ತವೆ. ಪಕ್ಕದ ಮನೆಯವರಿಗೆ ಏನು ಉತ್ತರ ಬಂತೆಂದು ಇವರಿಗೆ ಗೊತ್ತಾಗುವುದಿಲ್ಲ. ಭೂಮಿ ಕೇಂದ್ರದ ಎರಡನೇ ಪರದೆಯನ್ನು ಹೊಗಳಿದ್ದು ಇದಕ್ಕೇ. ದೂರಿನ ವ್ಯವಸ್ಥೆಯಲ್ಲಿ ಜನರ ಕಡೆಗೆ ತಿರುಗಿದ ಪರದೆಯಲ್ಲಿ ಒಂದೇ ಶಬ್ದ ಕಾಣುತ್ತದೆ, 'ಮುಕ್ತಾಯ'.

ಅಧಿಕಾರಿಯನ್ನು ಬೈದು ಸುಮ್ಮನಾಗುವ ವಿಷಯವೂ ಇದಲ್ಲ. ಒಂದು ಕಚೇರಿಯ ಸಿಬ್ಬಂದಿಯೊಬ್ಬರು ನನ್ನೊಡನೆ ಮನಬಿಚ್ಚಿ ಹೇಳಿದ್ದರು, ಮೇಲಿನವರು ಸಭೆಯಲ್ಲಿ ಕೇಳುವುದು ಎಷ್ಟು ದೂರು ಬಾಕಿ ಇವೆ ಎಂದು, ಎಷ್ಟು ನಳದಲ್ಲಿ ನೀರು ಬಂತು ಎಂದಲ್ಲ. ಬಾಕಿ ಕಡಿಮೆ ತೋರಿಸುವುದೇ ಕೆಲಸವಾದರೆ ದೂರು ಮುಗಿಸುವುದು ಸುಲಭ, ನೀರು ತರುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಬೆಂಗಳೂರಿಗೆ ಹೋದ ದೂರು ಜಿಲ್ಲೆಗೆ, ತಾಲೂಕಿಗೆ ಇಳಿಯುತ್ತಾ ಕೊನೆಗೆ ಯಾರ ಬಗ್ಗೆ ಬರೆದೆವೋ ಅವರ ಮೇಜಿಗೇ ಬರುತ್ತದೆ. ಸಣ್ಣ ಊರು, ಹೆಸರು ಗೊತ್ತಾಗುತ್ತದೆ. "ಮ್ಯಾಲಿನವ್ರಿಗೆ ಯಾಕ ಬರದ್ರಿ? ನನಗ ಹೇಳಿದ್ರ ಆಗ್ತಿರಲಿಲ್ಲೇನು?" ಎಂದು ಮನೆ ಬಾಗಿಲಿಗೆ ಬಂದು ಕೇಳಿದರೆ ಒಂಟಿ ಹೆಣ್ಣುಮಗಳು ಏನು ಮಾಡಬೇಕು? ನಾಳೆ ಅದೇ ವ್ಯಕ್ತಿಯ ಹತ್ತಿರ ಪಿಂಚಣಿಗೋ ಮನೆಗೋ ಹೋಗಬೇಕಲ್ಲ?

ಫೋನು ಯಾರ ಕೈಯಲ್ಲಿದೆ ಎಂಬುದು ಇನ್ನೊಂದು ಗಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದ ಹೆಂಗಸರು ದೇಶದಲ್ಲಿ ನೂರಕ್ಕೆ 33, ಗಂಡಸರು 57. ಆಮೇಲೆ ಫೋನುಗಳು ಹೆಚ್ಚಾಗಿವೆ ನಿಜ. ಆದರೆ ಮನೆಯಲ್ಲಿ ಫೋನಿದೆ ಎಂದರೆ ಆಕೆಯ ಕೈಯಲ್ಲಿದೆ ಎಂದಲ್ಲ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿಗೆ ಸಾಲು ನಿಂತಾಗ, ತಮ್ಮ ಆಧಾರಕ್ಕೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಎಂಬುದು ನಮ್ಮ ಎಷ್ಟೋ ಸದಸ್ಯರಿಗೆ ಮೊದಲ ಸಲ ಗೊತ್ತಾಯಿತು. ಒಬ್ಬರಿಗೆ ಮಗನದು, ಅವನು ಮಂಗಳೂರು ಕಡೆ ದುಡಿಯಲು ಹೋಗಿದ್ದ. ಇನ್ನೊಬ್ಬರಿಗೆ ಸತ್ತುಹೋದ ಗಂಡನದು. ಗಜೇಂದ್ರಗಡದ ಕಡೆಯ ಒಂದು ಸಂಘದಲ್ಲಿ ವಿಚಾರಿಸಿದಾಗ, ಐದು ಮಂದಿಯ ದೂರುಗಳು ಅರ್ಜಿ ತುಂಬಿಕೊಟ್ಟ ಅಂಗಡಿಯವನ ಒಂದೇ ನಂಬರಿನಲ್ಲಿದ್ದವು. ಐವರಿಗೂ ಉತ್ತರ ಬಂದಿತ್ತು, ಅಂಗಡಿಯವನಿಗೆ. ಅವನು ಕೆಟ್ಟವನಲ್ಲ, ಮರೆತಿದ್ದ ಅಷ್ಟೇ.

ತಡವಾದರೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟ್ ನಮಗೆ ತೋರಿಸಿದೆ. ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರು, ಲಖಮಾಪುರ ಕಡೆ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ ಗಣಕಯಂತ್ರಕ್ಕೆ ಏರಿಸಿದರು. ಮಣ್ಣಿನ ಗೋಡೆಯ ಮನೆ ನೀರು ಇಳಿದ ದಿನ ನಿಂತಿರುತ್ತದೆ, ಬಿಸಿಲು ಬಿದ್ದು ಒಣಗಿದ ಮೇಲೆ ಕುಸಿಯುತ್ತದೆ. ಇದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಆಮೇಲೆ ಕುಸಿದ ಮನೆಯ ಒಬ್ಬ ವಿಧವೆಯೊಡನೆ ನಾನೂ ಒಂದು ಕಚೇರಿಗೆ ಹೋಗಿದ್ದೆ. "ಪೋರ್ಟಲ್ ಬಂದ್ ಆಗೈತ್ರಿ, ಈಗ ಏನೂ ಮಾಡಾಕ ಬರಂಗಿಲ್ಲ" ಎಂಬ ಉತ್ತರ ಬಂತು. ಹಿಂದೆ ಬಾಗಿಲು ಹಾಕಿದರೆ ಹೊಸ್ತಿಲ ಮೇಲೆ ಕುಳಿತು ಕಾಯಬಹುದಿತ್ತು. ಪೋರ್ಟಲಿಗೆ ಹೊಸ್ತಿಲು ಎಲ್ಲಿ?

ಭಾಷೆಯ ಮಾತೂ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮದ ಅಂದಾಜಿನ ಬಗ್ಗೆ ಹೊಸ ಕರಡು ನಿಯಮ ಹೊರಡಿಸಿ, ಜನ ಇಮೇಲ್ ಮೂಲಕವೂ ಅಭಿಪ್ರಾಯ ಕಳಿಸಬಹುದು ಎಂದಿತು. ಕೊರೋನಾ ಕಾಲ, ಮನೆಯಿಂದ ಹೊರಬರಲಾರದ ದಿನಗಳು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜನ ನ್ಯಾಯಾಲಯಕ್ಕೆ ಹೋದರು. ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿರಿ ಎಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್ 30ರಂದು ಹೇಳಿ, ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ ಆ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಯನ್ನು ತಡೆಯಿತು. ಆದರೂ ಲಕ್ಷಾಂತರ ಜನ ತಮ್ಮ ಅಭಿಪ್ರಾಯ ಬರೆದು ಕಳಿಸಿದ್ದರು. ಕಾಗದದ ಕಾಲದಲ್ಲಿ ಅಷ್ಟು ಅಭಿಪ್ರಾಯ ಅಷ್ಟು ಬೇಗ ದೆಹಲಿ ಮುಟ್ಟುತ್ತಿರಲಿಲ್ಲ. ಆನ್‌ಲೈನಿನ ಶಕ್ತಿ ಮತ್ತು ಕೊರತೆ ಎರಡೂ ಒಂದೇ ಸಂಗತಿಯಲ್ಲಿ ಕಂಡವು.

ಸಮಾಜಕಾರ್ಯ ಓದುವಾಗ ನಾವು 'ಸಹಭಾಗಿತ್ವ' ಎಂಬ ಶಬ್ದವನ್ನು ಪರೀಕ್ಷೆಯಲ್ಲಿ ಬರೆದು ಬರೆದು ಕೈ ಸೋತಿತ್ತು. ಆ ಪಾಠದಲ್ಲಿ ಒಂದು ಏಣಿ ಇತ್ತು. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಎಂಬ ಮಹಿಳೆ 1969ರಲ್ಲಿ ಬರೆದದ್ದು, ಎಂಟು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸೇರಿಸಿಕೊಂಡ ಹಾಗೆ ತೋರಿಸುವುದಷ್ಟೇ ಇರುತ್ತದೆ. ನಡುವೆ ತಿಳಿಸುವುದು, ಅಭಿಪ್ರಾಯ ಕೇಳುವುದು. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನದಲ್ಲಿ ಪಾಲು. ದೂರು ಕೊಡುವುದು, ಉತ್ತರ ಪಡೆಯುವುದು ನಡುವಿನ ಮೆಟ್ಟಿಲು. 'ಮುಗಿಯಿತು' ಎಂದು ಹೇಳುವ ಹಕ್ಕು ಜನರಿಗೆ ಬಂದಾಗ ಒಂದು ಮೆಟ್ಟಿಲು ಮೇಲೆ ಹತ್ತಿದ ಹಾಗೆ. ಆ ಹಕ್ಕನ್ನು ಯಾರೂ ತಂದು ಕೊಡುವುದಿಲ್ಲ, ಆದರೆ ಸಂಘಕ್ಕೆ ಅದನ್ನು ಸ್ವಲ್ಪ ಮಟ್ಟಿಗೆ ಕಟ್ಟಿಕೊಳ್ಳಲು ಬರುತ್ತದೆ.

ಆ ನೀರಿನ ಓಣಿಯಲ್ಲಿ ನಾವು ಮಾಡಿದ್ದು ಇಷ್ಟು. ಮೊದಲು ಸಂಘದ ಸಭೆಯಲ್ಲಿ ವಿಷಯ ಚರ್ಚಿಸಿ ಠರಾವು ಬರೆದೆವು. ಯಾವ ಯಾವ ತಾರೀಖು ನೀರು ಬಂತು, ಎಷ್ಟು ಕೊಡ ತುಂಬಿತು ಎಂದು ಒಂದು ತಿಂಗಳು ಬರೆದಿಟ್ಟರು. ಬರೆಯಲು ಬಾರದವರು ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದರು. ಆ ಲೆಕ್ಕವನ್ನೂ ಹತ್ತಾರು ಸಹಿ, ಹೆಬ್ಬೆಟ್ಟುಗಳನ್ನೂ ಸೇರಿಸಿ ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆದ ಮೇಲೆಯೇ ಆನ್‌ಲೈನ್ ದೂರು ಕೊಟ್ಟದ್ದು. ಅದೇ ಕಾಗದದ ಫೋಟೋವನ್ನೂ ಜೊತೆಗೆ ಹಾಕಿದೆವು. ನಂಬರನ್ನು ಹುಡುಗನ ಫೋನಿನಲ್ಲಿ ಬಿಡಲಿಲ್ಲ, ಸಂಘದ ವಹಿಯಲ್ಲಿ ಬರೆದರು. ಉತ್ತರ ಬಂದರೆ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಎಲ್ಲರೂ ಹೌದು ಎಂದ ಮೇಲೆ ಮಾತ್ರ ಮುಗಿದದ್ದು ಎಂದು ತೀರ್ಮಾನ.

ಹಳೆಯ ದೂರಿನ ಬಗ್ಗೆ ಮಾಹಿತಿ ಹಕ್ಕಿನಲ್ಲೂ ಕೇಳಿದೆವು: ಯಾವ ದಿನ ಪರಿಶೀಲಿಸಿದಿರಿ, ಆ ವರದಿಯ ಪ್ರತಿ ಕೊಡಿ. 10 ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು ಎಂದು ಪಂಚಾಯತ್ ರಾಜ್ ಕಾಯಿದೆಯೇ ಹೇಳುತ್ತದೆ. ಅಲ್ಲಿ ಹೆಂಗಸರು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂಡದೆ, ಆ ವಹಿ ತೆರೆದು ಓದಿದರು. "ಒಬ್ಬಾಕಿ ಓದಿದ್ಲು, ನಾವೆಲ್ಲಾ ಎದ್ದು ನಿಂತ್ವಿ" ಎಂದು ಆಮೇಲೆ ಹೇಳಿದರು. ಆ ದಿನ ನಾನು ಅಲ್ಲಿರಲಿಲ್ಲ, ಇರದಿದ್ದದ್ದೇ ಒಳ್ಳೆಯದಾಯಿತು.

ಎರಡು ವಾರದ ಮೇಲೆ ಓಣಿಗೆ ಜನ ಬಂದು ಕೊಳವೆ ಅಗೆದು ನೋಡಿದರು. ಒಂದು ವಾಲ್ವ್ ಕೆಟ್ಟಿತ್ತು, ಬದಲಾಯಿಸಿದರು. ಈಗ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿದೆ. ದೂರು ಮುಕ್ತಾಯವಾಗಿದೆ ಎಂದು ಫೋನಿಗೆ ಸಂದೇಶವೂ ಬಂತು. ಸಭೆಯಲ್ಲಿ ಓದಿದಾಗ ಆ ತಾಯಿ ಕೈ ಎತ್ತಿದರು. ಕೊನೆಯ ಮೂರು ಮನೆಗೆ ಇನ್ನೂ ನೀರು ಏರುತ್ತಿಲ್ಲ. ಅವರದು ಅದರಲ್ಲಿ ಒಂದು. ವಹಿಯಲ್ಲಿ ಆ ನಂಬರಿನ ಮುಂದೆ 'ಮುಗಿದಿಲ್ಲ' ಎಂದು ಬರೆದು ಮುಂದಿನ ಸಭೆಯ ತಾರೀಖು ಹಾಕಿದ್ದಾರೆ.